ಲೇಖನ ಬರೆಸುವ ಮುಂಚೆ ವಿಷಯ ಗಟ್ಟಿ ಮಾಡುವುದು ಯಾರ ಕೆಲಸ: ನಮ್ಮದಾ, ಬರೆಯುವವರದಾ?

ಗೋದಾಮು_ಗೆಳೆಯ:
ನಮಸ್ಕಾರ. ನಮ್ಮದು ಚಿಕ್ಕ ಕಂಪನಿ. ಗೋದಾಮಿನ ಸ್ಟಾಕ್ ಲೆಕ್ಕ ಇಡುವ ಸಾಫ್ಟ್‌ವೇರ್ ಮಾಡುತ್ತೇವೆ. ಉದ್ಯಮದವರು ಓದುವಂಥ ಒಂದು ಲೇಖನ ಬೇಕು ಅಂತ ವೃತ್ತಿಪರ ಬರಹಗಾರರೊಬ್ಬರಿಗೆ ಕೆಲಸ ಒಪ್ಪಿಸಿದೆವು. ವಿಷಯ: "ಗೋದಾಮು ನಿರ್ವಹಣೆಯಲ್ಲಿ ಡಿಜಿಟಲ್ ಬದಲಾವಣೆ".

ಹೇಳಿದ ದಿನಕ್ಕೆ ಲೇಖನ ಬಂತು. ವ್ಯಾಕರಣ ತಪ್ಪಿಲ್ಲ, ಉಪಶೀರ್ಷಿಕೆಗಳೆಲ್ಲ ನೀಟಾಗಿವೆ. ಆದರೆ "ಇಂದಿನ ವೇಗದ ಜಗತ್ತಿನಲ್ಲಿ" ಅಂತ ಶುರುವಾಗಿ "ಬದಲಾವಣೆಗೆ ಒಗ್ಗಿಕೊಂಡವರೇ ಉಳಿಯುತ್ತಾರೆ" ಅಂತ ಮುಗಿಯುತ್ತದೆ. ನಡುವೆ ಏನಿದೆ ಅಂತ ಕೇಳಿದರೆ ನನಗೇ ಹೇಳಲು ಬರುವುದಿಲ್ಲ. ನಮ್ಮ ಹೆಸರು ಅಳಿಸಿ ಎದುರಾಳಿ ಕಂಪನಿಯ ಹೆಸರು ಹಾಕಿದರೂ ಒಂದು ಸಾಲು ಬದಲಾಯಿಸಬೇಕಿಲ್ಲ.

ತಿದ್ದಿಕೊಡಿ ಅಂದರೆ "ಯಾವ ಕಡೆಗೆ ತಿದ್ದಲಿ, ಹೇಳಿ" ಅನ್ನುತ್ತಾರೆ. ಅದನ್ನು ಹೇಳಲಿ ಅಂತಲೇ ಅಲ್ವಾ ದುಡ್ಡು ಕೊಟ್ಟಿರುವುದು? ಇನ್ನೊಂದು ಲೇಖನ ಬರೆಸಬೇಕಿದೆ. ವಿಷಯ ನಾವೇ ಪಕ್ಕಾ ಮಾಡಿಕೊಂಡು ಹೋಗಬೇಕಾ, ಅವರಿಗೇ ಬಿಡಬೇಕಾ?

ಕರಡು_ಪ್ರತಿ:
ಸರ್, ನಾನು ದುಡ್ಡು ತೆಗೆದುಕೊಂಡು ಬರೆಯುವ ಕಡೆಯವನು. ಸ್ವಲ್ಪ ಖಾರವಾಗಿ ಹೇಳಿದರೆ ಬೇಜಾರಾಗಬೇಡಿ. ನೀವು ಕೊಟ್ಟಿದ್ದು ವಿಷಯ ಅಲ್ಲ, ಇಡೀ ಕ್ಷೇತ್ರ. ಟೈಲರ್ ಹತ್ತಿರ ಹೋಗಿ "ಒಂದು ಬಟ್ಟೆ ಹೊಲಿದುಕೊಡಿ" ಅಂದ ಹಾಗಾಯಿತು. ಯಾರಿಗೆ, ಎಷ್ಟು ಅಳತೆ ಅಂತ ಹೇಳದಿದ್ದರೆ ಎಲ್ಲರಿಗೂ ಸಡಿಲವಾಗಿ ಆಗುವಂಥದ್ದನ್ನೇ ಹೊಲಿಯುತ್ತಾನೆ.

"ಡಿಜಿಟಲ್ ಬದಲಾವಣೆ" ಅಂತ ಕೆಲಸ ಬಂದರೆ ನಮ್ಮಲ್ಲಿ ಬಹಳ ಜನ ಏನು ಮಾಡುತ್ತಾರೆ ಗೊತ್ತಾ? ಗೂಗಲ್‌ನ ಮೊದಲ ಪುಟ ತೆರೆಯುತ್ತಾರೆ. ಅಲ್ಲಿರುವ ಲೇಖನಗಳ ಉಪಶೀರ್ಷಿಕೆ ನೋಡುತ್ತಾರೆ. ಬಾರ್‌ಕೋಡ್, ಕ್ಲೌಡ್, ಆಟೊಮೇಶನ್, ಸುರಕ್ಷತೆ. ಒಂದೊಂದಕ್ಕೆ ಎರಡೆರಡು ಪ್ಯಾರಾ. ಮುಗಿಯಿತು. ನಿಮ್ಮ ಗಿರಾಕಿಗಳು ಎಲ್ಲಿ ಎಡವುತ್ತಾರೆ ಅನ್ನುವುದು ನಿಮಗೆ ಮಾತ್ರ ಗೊತ್ತು. ಅದು ಕಾಗದದ ಮೇಲೆ ಬರದೆ ಇದ್ದರೆ ಎಂಥ ಬರಹಗಾರ ಬಂದರೂ ಇದೇ ಗತಿ.

ಸುಮ್ನೆ_ಓದುಗ:
"ಇಂದಿನ ವೇಗದ ಜಗತ್ತಿನಲ್ಲಿ" ಅಂತ ಶುರುವಾಗುವ ಲೇಖನದ ಎರಡನೇ ಸಾಲು ಇವತ್ತಿನವರೆಗೂ ಯಾರೂ ಓದಿಲ್ಲ 😀

ಗೋದಾಮು_ಗೆಳೆಯ:
@ಕರಡು_ಪ್ರತಿ ಒಪ್ಪುತ್ತೇನೆ, ಆದರೆ ಅವರು ಕೇಳಬಹುದಿತ್ತಲ್ಲ? ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. "ಆಯ್ತು ಸರ್, ಮಾಡಿಕೊಡುತ್ತೇನೆ" ಅಂದರು, ಅಷ್ಟೆ.

ಅಲ್ಪವಿರಾಮ:
ಇಲ್ಲಿ ನಾನು ಗೆಳೆಯರ ಪರ. ನಾನೂ ಬೇರೆಯವರ ಹೆಸರಿನಲ್ಲಿ ಲೇಖನ ಬರೆದುಕೊಡುವವಳೇ. ಪ್ರಶ್ನೆ ಕೇಳದೆ ಕೆಲಸ ಒಪ್ಪಿಕೊಳ್ಳುವವರನ್ನು ನಂಬಬಾರದು. ನಾನು ಬೆಲೆ ಹೇಳುವ ಮೊದಲೇ ಫೋನಿನಲ್ಲಿ ಮಾತಾಡುತ್ತೇನೆ. ಯಾರು ಓದಬೇಕು? ಓದುವ ಮುಂಚೆ ಅವರು ಏನು ಅಂದುಕೊಂಡಿರುತ್ತಾರೆ? ಓದಿದ ಮೇಲೆ ಏನು ಅಂದುಕೊಳ್ಳಬೇಕು? ಬೇರೆ ಯಾರೂ ಹೇಳಲಾಗದ, ನೀವು ಮಾತ್ರ ಹೇಳಬಲ್ಲ ಸಂಗತಿ ಏನು? ಕೊನೆಯ ಪ್ರಶ್ನೆಗೆ ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ಆಮೇಲೆ ಬಾಯಿಗೆ ಬರುವ ಮೊದಲ ಮಾತೇ ಸಾಮಾನ್ಯವಾಗಿ ವಿಷಯ ಆಗಿರುತ್ತದೆ.

ಆದರೆ ಇದೂ ಕೆಲಸವೇ. ವಿಷಯ ಹುಡುಕಿಕೊಡುವುದಕ್ಕೆ ನಾನು ಬೇರೆಯಾಗಿಯೇ ದುಡ್ಡು ತೆಗೆದುಕೊಳ್ಳುತ್ತೇನೆ. ಅದೂ ಬರೆಯುವ ದರದಲ್ಲೇ ಸೇರಿದೆ ಅಂತ ತಿಳಿದುಕೊಂಡರೆ ಇಬ್ಬರಿಗೂ ಜಗಳ ಗ್ಯಾರಂಟಿ.

ಕರಡು_ಪ್ರತಿ:
ಮೇಡಂ, ಹಾಗೆ ಬೇರೆ ದುಡ್ಡು ಕೊಡುವ ಗಿರಾಕಿಗಳು ನಿಮಗೆ ಎಲ್ಲಿ ಸಿಗುತ್ತಾರೆ? ನಮಗೂ ಸ್ವಲ್ಪ ದಾರಿ ತೋರಿಸಿ.

ಅಲ್ಪವಿರಾಮ:
ಕೇಳಿದರೆ ಕೊಡುತ್ತಾರೆ ಸರ್. ಕೇಳದೆ ಇದ್ದರೆ ಯಾರೂ ತಾವಾಗಿ ಕೊಡುವುದಿಲ್ಲ.

ಸಂಪಾದಕನ_ಕತ್ತರಿ:
ಒಂದು ಉದ್ಯಮ ಪತ್ರಿಕೆಯ ಸಂಪಾದಕೀಯ ಮೇಜಿನಲ್ಲಿ ಕೂತಿದ್ದವನು ನಾನು. ಕಂಪನಿಗಳಿಂದ ಬಂದ ಲೇಖನಗಳನ್ನು ಜಾಸ್ತಿ ಹಿಂದಕ್ಕೆ ಕಳಿಸಿದವನೂ ನಾನೇ. ಕೆಟ್ಟದಾಗಿ ಬರೆದಿದ್ದಾರೆ ಅಂತ ಕಳಿಸಿದ್ದು ಕಡಿಮೆ. ಬರೆಯುವುದಕ್ಕೆ ಏನೂ ಇಲ್ಲದೆ ಬರೆದಿದ್ದಾರೆ ಅಂತ ಕಳಿಸಿದ್ದೇ ಹೆಚ್ಚು.

ನನ್ನ ಪರೀಕ್ಷೆ ಸರಳ. ವಿಷಯವನ್ನು ಪೂರ್ತಿ ವಾಕ್ಯವಾಗಿ ಬರೆಯಿರಿ. ಕ್ರಿಯಾಪದ ಇರಬೇಕು. "ಗೋದಾಮಿನಲ್ಲಿ ತಂತ್ರಜ್ಞಾನ" ಅನ್ನುವುದರಲ್ಲಿ ಕ್ರಿಯಾಪದ ಇಲ್ಲ, ಆದ್ದರಿಂದ ಅಲ್ಲಿ ಹೇಳಿಕೆಯೂ ಇಲ್ಲ. ವಾಕ್ಯ ಬರೆದಾದ ಮೇಲೆ ನೋಡಿ, ಅದನ್ನು "ಇಲ್ಲ, ಹಾಗಲ್ಲ" ಅನ್ನಬಲ್ಲ ಒಬ್ಬ ಜಾಣ ಮನುಷ್ಯ ಇದ್ದಾನಾ? ಇದ್ದರೆ ಲೇಖನ ಇದೆ. "ತಂತ್ರಜ್ಞಾನ ದಕ್ಷತೆ ಹೆಚ್ಚಿಸುತ್ತದೆ" ಅಂದರೆ ಯಾರು ಅಲ್ಲ ಅನ್ನುತ್ತಾರೆ?

ಹಳೆಯ ಉದಾಹರಣೆ ಕೊಡುತ್ತೇನೆ. 1960ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಥಿಯೊಡೋರ್ ಲೆವಿಟ್ ಒಂದು ಲೇಖನ ಬರೆದರು. ರೈಲು ಕಂಪನಿಗಳು ಸೊರಗಿದ್ದು ಜನರಿಗೆ ಪ್ರಯಾಣ, ಸಾಗಣೆ ಬೇಡವಾಯಿತು ಅಂತ ಅಲ್ಲ. ತಾವು ಸಾಗಣೆ ವ್ಯವಹಾರದಲ್ಲಿದ್ದೇವೆ ಅಂತ ತಿಳಿಯದೆ ರೈಲು ವ್ಯವಹಾರದಲ್ಲಿದ್ದೇವೆ ಅಂತ ಅಂದುಕೊಂಡಿದ್ದರಿಂದ. ಇಷ್ಟೇ ವಾದ. ಒಂದೇ ಉಸಿರಿನಲ್ಲಿ ಹೇಳಬಹುದು, ಒಪ್ಪದೆಯೂ ಇರಬಹುದು. ಇವತ್ತಿಗೂ ಜನ ಅದರ ಬಗ್ಗೆ ಜಗಳ ಆಡುತ್ತಾರೆ.

ನಟ್ಟು_ಬೋಲ್ಟು:
ಸ್ವಾಮಿ, ಅವರು ಪ್ರೊಫೆಸರ್. ನಾವು ಮೆಷಿನ್ ಮಾರುವವರು. ನಮ್ಮ ಲೇಖನ ಓದಿ ಯಾರೂ ಅರವತ್ತು ವರ್ಷ ಜಗಳ ಆಡುವುದು ಬೇಡ, ಒಂದು ಫೋನ್ ಮಾಡಿದರೆ ಸಾಕು.

ಸಂಪಾದಕನ_ಕತ್ತರಿ:
@ನಟ್ಟು_ಬೋಲ್ಟು ಹಾಗಾದರೆ ಮೆಷಿನ್ ಮಾರುವವರದ್ದೇ ಉದಾಹರಣೆ ತೆಗೆದುಕೊಳ್ಳಿ. ಜಾನ್ ಡೀರ್ ಕಂಪನಿ 1895ರಲ್ಲೇ "ದಿ ಫರೋ" ಅಂತ ರೈತರಿಗಾಗಿ ಪತ್ರಿಕೆ ಶುರು ಮಾಡಿತು. ಈಗಲೂ ನಡೆಯುತ್ತಿದೆ. ಅದನ್ನು ಓದಿಸಿದ್ದು ನೇಗಿಲಿನ ಗುಣಗಾನ ಅಲ್ಲ, ಬೇಸಾಯದ ವಿಚಾರ. ಓದುವವನ ತಲೆನೋವಿನಿಂದ ಶುರು ಮಾಡಿದರು, ತಮ್ಮ ಸರಕಿನಿಂದ ಅಲ್ಲ.

ನಟ್ಟು_ಬೋಲ್ಟು:
ಇದು ಒಪ್ಪಬಹುದಾದ ಮಾತು.

ನಮ್ಮಲ್ಲಿ ಆದದ್ದು ಕೇಳಿ. ಕಂಪ್ರೆಸರ್‌ನಿಂದ ಗಾಳಿ ಸೋರಿದರೆ ವಿದ್ಯುತ್ ಎಷ್ಟು ದಂಡ ಆಗುತ್ತದೆ ಅಂತ ಒಂದು ಲೇಖನ ಬರೆಸಲು ಹೊರಟೆವು. ಒಳ್ಳೆಯ ವಿಷಯ. ಸೋರಿಕೆ ಕಣ್ಣಿಗೆ ಕಾಣುವುದಿಲ್ಲ, ಕಾರ್ಖಾನೆ ಗದ್ದಲದಲ್ಲಿ ಕಿವಿಗೂ ಕೇಳುವುದಿಲ್ಲ. ಯಾರೂ ಕೆಲಸ ಮಾಡದ ಹೊತ್ತಿನಲ್ಲಿ ಕಂಪ್ರೆಸರ್ ಎಷ್ಟು ಸಲ ತಾನಾಗಿ ಶುರುವಾಗುತ್ತದೆ ನೋಡಿದರೆ ಗೊತ್ತಾಗುತ್ತದೆ. ಇಷ್ಟು ಬರೆದಿದ್ದರೆ ಸಾಕಿತ್ತು. ಸೇಲ್ಸ್‌ನವರು ಬಂದು "ಹೊಸ ಮಾಡೆಲ್ ಬಗ್ಗೆಯೂ ಇರಲಿ" ಅಂದರು. ಸರ್ವಿಸ್‌ನವರು "ವಾರ್ಷಿಕ ಒಪ್ಪಂದ ಬಿಡಬೇಡಿ" ಅಂದರು. ದೊಡ್ಡವರು "ನಮ್ಮ ಸಂಸ್ಥೆಯ ಇತಿಹಾಸ ಒಂದು ಪ್ಯಾರಾ" ಅಂದರು. ಎತ್ತು ಏರಿಗೆ, ಕೋಣ ನೀರಿಗೆ. ಕೊನೆಗೆ ಗಾಳಿ ಸೋರಿಕೆ ನಾಲ್ಕನೇ ಪುಟಕ್ಕೆ ಹೋಯಿತು.

ಲೆಕ್ಕದ_ಪುಸ್ತಕ:
ಹೌದು ಮಾರಾಯ್ರೆ! ವಿಷಯ ಆರಿಸುವುದಕ್ಕಿಂತ ಆರಿಸಿದ ವಿಷಯವನ್ನು ಒಳಗಿನವರಿಂದ ಕಾಪಾಡುವುದೇ ಕಷ್ಟ. ಅಂತಿಮ ಒಪ್ಪಿಗೆ ಕೊಡುವವರು ಒಬ್ಬರೇ ಇರಬೇಕು, ಅವರ ಹೆಸರು ಬ್ರೀಫ್‌ನಲ್ಲೇ (ಬರಹಗಾರರಿಗೆ ಬರೆದು ಕೊಡುವ ಸೂಚನೆಯಲ್ಲೇ) ಬರೆದಿರಬೇಕು. ಉಳಿದವರು ತಪ್ಪು ತೋರಿಸಲಿ, ಹೊಸದೇನನ್ನೂ ಸೇರಿಸುವ ಹಾಗಿಲ್ಲ.

ನಮ್ಮದು ಲೆಕ್ಕಪತ್ರ ನೋಡುವ ಆಫೀಸು. ನಮಗೆ ವಿಷಯ ಸಿಕ್ಕಿದ್ದು ಫೋನಿನಿಂದ. ವರ್ಷದ ಕೊನೆ ಬಂತೆಂದರೆ ಗಿರಾಕಿಗಳು ಒಂದೇ ಪ್ರಶ್ನೆ ಕೇಳುತ್ತಾರೆ: "ಅಡ್ವಾನ್ಸ್ ಬ್ಯಾಂಕಿಗೆ ಬಿದ್ದಿದೆ, ಅದು ಈ ವರ್ಷದ ಆದಾಯ ತಾನೇ?" ಅಲ್ಲ. ಸರಕೋ ಸೇವೆಯೋ ಕೊಡುವವರೆಗೆ ಅದು ನಿಮ್ಮ ಮೇಲಿನ ಋಣ, ಲೆಕ್ಕದಲ್ಲಿ ಹೊಣೆ ಅಂತ ಕೂರುತ್ತದೆ. ಈ ಒಂದು ಪ್ರಶ್ನೆಗೆ ಒಂದು ಲೇಖನ ಬರೆಸಿದೆವು. ಅದಕ್ಕೂ ಮುಂಚೆ "ಹಣಕಾಸು ಶಿಸ್ತಿನ ಮಹತ್ವ" ಅಂತ ಒಂದು ಇತ್ತು, ಅದನ್ನು ನಮ್ಮ ಆಫೀಸಿನವರೂ ಓದಿರಲಿಲ್ಲ. ಅಡ್ವಾನ್ಸ್ ಲೇಖನವನ್ನು ಗಿರಾಕಿಗಳು ಒಬ್ಬರಿಗೊಬ್ಬರು ಕಳಿಸಿಕೊಂಡರು.

ಹುಡುಕಾಟ404:
ಫೋನ್ ಜೊತೆಗೆ ಸರ್ಚ್ ಕನ್ಸೋಲ್ (ಸೈಟ್ ಇರುವವರಿಗೆ ಗೂಗಲ್ ಕೊಡುವ ಉಪಕರಣ) ಕೂಡ ನೋಡಿ. ಪರ್ಫಾರ್ಮೆನ್ಸ್ ವರದಿಯಲ್ಲಿ ಜನ ಏನೇನು ಟೈಪ್ ಮಾಡಿದಾಗ ನಿಮ್ಮ ಸೈಟ್ ಕಾಣಿಸಿಕೊಂಡಿತು ಅಂತ ಪಟ್ಟಿ ಇರುತ್ತದೆ. ತುಂಬಾ ಸಲ ಕಾಣಿಸಿಕೊಂಡು ಯಾರೂ ಕ್ಲಿಕ್ ಮಾಡದ ಪ್ರಶ್ನೆಗಳಿವೆಯಲ್ಲ, ಅಲ್ಲಿ ಒಮ್ಮೊಮ್ಮೆ ಒಳ್ಳೆಯ ವಿಷಯ ಸಿಗುತ್ತದೆ. ಜನ ಕೇಳುತ್ತಿದ್ದಾರೆ, ನಿಮ್ಮಲ್ಲಿ ನೇರ ಉತ್ತರ ಇಲ್ಲ ಅಂತ ಅರ್ಥ ಇರಬಹುದು.

ಇನ್ನೊಂದು. ಹುಡುಕುವವರ ಉದ್ದೇಶ ಬೆರೆಸಬೇಡಿ. "ಸ್ಟಾಕ್ ಲೆಕ್ಕ ಯಾಕೆ ತಾಳೆ ಆಗುವುದಿಲ್ಲ" ಅಂತ ಹುಡುಕುವವನಿಗೆ ಕಾರಣ ಬೇಕು. "ಯಾವ ಸ್ಟಾಕ್ ಸಾಫ್ಟ್‌ವೇರ್ ಒಳ್ಳೆಯದು" ಅನ್ನುವವನಿಗೆ ಹೋಲಿಕೆ ಬೇಕು. ಇಬ್ಬರನ್ನೂ ಒಂದೇ ಲೇಖನಕ್ಕೆ ಕರೆದರೆ ಇಬ್ಬರೂ ಅರ್ಧಕ್ಕೇ ಎದ್ದು ಹೋಗುತ್ತಾರೆ. ಮತ್ತೆ 2022ರ ಡಿಸೆಂಬರ್‌ನಿಂದ ಗೂಗಲ್ ಸ್ವಂತ ಅನುಭವಕ್ಕೂ ರ‍್ಯಾಂಕಿಂಗ್ ಅಂಕ ಕೊಡುತ್ತದೆ, ಅದಕ್ಕೇ ನಿಮ್ಮ ಅನುಭವದಿಂದಲೇ ಬರೆಸಿ.

ಮಾರ್ಕೆಟಿಂಗ್_ಮೇಷ್ಟ್ರು:
ಒಂದು ತಿದ್ದುಪಡಿ. ಸ್ವಂತ ಅನುಭವವನ್ನು ಗೂಗಲ್ ಆಗ ಸೇರಿಸಿದ್ದು ನಿಜ, ಆದರೆ ಸೇರಿಸಿದ್ದು ಫಲಿತಾಂಶದ ಗುಣಮಟ್ಟ ಪರಿಶೀಲಿಸುವವರಿಗೆ ಕೊಡುವ ಮಾರ್ಗಸೂಚಿಯಲ್ಲಿ. ಅದಕ್ಕೆ ಅಂಕ ಅಂತ ಬೇರೆ ಇಲ್ಲ, ಅದು ತಾನೇ ನೇರ ರ‍್ಯಾಂಕಿಂಗ್ ಅಂಶವೂ ಅಲ್ಲ ಅಂತ ಗೂಗಲ್‌ನವರೇ ಹೇಳಿದ್ದಾರೆ.

ಹುಡುಕಾಟ404:
ಆಯ್ತು ಮೇಷ್ಟ್ರೇ, ಅಂಕ ಅನ್ನುವ ಮಾತು ವಾಪಸ್. ಸಲಹೆ ವಾಪಸ್ ಇಲ್ಲ.

ಹೊಸಬ_ಹರಟೆ:
ಇಷ್ಟೆಲ್ಲ ಯಾಕೆ? ಚಾಟ್‌ಜಿಪಿಟಿಗೆ "ಗೋದಾಮು ಕಂಪನಿಗೆ ಹತ್ತು ಲೇಖನ ವಿಷಯ ಕೊಡು" ಅಂದರೆ ಕ್ಷಣದಲ್ಲಿ ಕೊಡುತ್ತದೆ.

ಕರಡು_ಪ್ರತಿ:
ಕೊಡುತ್ತದೆ. ನಿಮ್ಮ ಎದುರಾಳಿಗೂ ಹೆಚ್ಚೂಕಡಿಮೆ ಅದೇ ಹತ್ತನ್ನು ಕೊಡುತ್ತದೆ.

ಮಾರ್ಕೆಟಿಂಗ್_ಮೇಷ್ಟ್ರು:
ಪೂರ್ತಿ ತಳ್ಳಿಹಾಕಬೇಡಿ. ಗಿರಾಕಿಗಳು ಕಳಿಸಿದ ದೂರುಗಳಲ್ಲಿ ಹೆಸರು, ನಂಬರ್ ಎಲ್ಲ ತೆಗೆದು ಅದಕ್ಕೆ ಕೊಟ್ಟು, "ಇದರಲ್ಲಿ ಪದೇಪದೇ ಬರುವ ಪ್ರಶ್ನೆ ಯಾವುದು" ಅಂತ ಕೇಳಿದರೆ ಪ್ರಯೋಜನ ಇದೆ. ಕಚ್ಚಾ ವಸ್ತು ನಿಮ್ಮದಾಗಿರಬೇಕು, ಅಷ್ಟೆ.

ಗೋದಾಮು_ಗೆಳೆಯ:
ಎಲ್ಲರಿಗೂ ಥ್ಯಾಂಕ್ಸ್. ನಮ್ಮ ಸಪೋರ್ಟ್ ಟೀಮಿನ ಹುಡುಗರ ಜೊತೆ ಕೂತೆ. ಅವರು ನಗುತ್ತಲೇ ಹೇಳಿದರು, "ಕರೆ ಮಾಡುವವರೆಲ್ಲ ಹೇಳುವುದು ಒಂದೇ, ಕಂಪ್ಯೂಟರ್‌ನಲ್ಲಿ 40 ತೋರಿಸುತ್ತಿದೆ, ಕಪಾಟಿನಲ್ಲಿ 37 ಇದೆ, ನಿಮ್ಮ ಸಾಫ್ಟ್‌ವೇರ್ ಸರಿ ಇಲ್ಲ."

ಸಾಫ್ಟ್‌ವೇರ್ ಸರಿಯಾಗಿಯೇ ಇರುತ್ತದೆ. ಸಾಮಾನ್ಯವಾಗಿ ಸಿಗುವ ಕಾರಣಗಳು ಇವು. ವಾಪಸ್ ಬಂದ ಸರಕನ್ನು ಎಂಟ್ರಿ ಮಾಡಿ ಕಪಾಟಿಗೆ ಇಡದೆ ಬಿಟ್ಟಿರುತ್ತಾರೆ. ಇಲ್ಲವೇ ಹೊರಗೆ ಕಳಿಸುವಾಗ 12 ಇರುವ ಪೆಟ್ಟಿಗೆಯನ್ನು 1 ಅಂತ ಎಂಟ್ರಿ ಮಾಡಿರುತ್ತಾರೆ. ಇಲ್ಲವೇ ಒಡೆದು ಹೋದದ್ದನ್ನು ಮೂಲೆಗೆ ಸರಿಸಿ ಲೆಕ್ಕದಿಂದ ತೆಗೆದಿರುವುದಿಲ್ಲ. ಇದರ ಜೊತೆ ಬಾರ್‌ಕೋಡ್ ಸ್ಕ್ಯಾನರ್ ಬಗ್ಗೆ, ಹೊಸ ಕೆಲಸಗಾರರಿಗೆ ತರಬೇತಿ ಕೊಡುವ ಬಗ್ಗೆಯೂ ಕೇಳುತ್ತಾರಂತೆ. ಮೂರನ್ನೂ ಸೇರಿಸಿ ಒಂದು ಲೇಖನ ಮಾಡಿಸಬಹುದಾ?

ಅಲ್ಪವಿರಾಮ:
ಬೇಡ!! 40 ಮತ್ತು 37. ಅದೇ ನಿಮ್ಮ ಲೇಖನ. ಮೊದಲ ಸಾಲು ಕೂಡ ಅದೇ.

ಕರಡು_ಪ್ರತಿ:
ಸರ್, ನೀವು ಈಗ ಬರೆದ ಎರಡನೇ ಪ್ಯಾರಾವನ್ನು ಮೊದಲೇ ಆ ಬರಹಗಾರರಿಗೆ ಕಳಿಸಿದ್ದರೆ ಈ ಚರ್ಚೆಯೇ ಇರುತ್ತಿರಲಿಲ್ಲ. ಪೆಟ್ಟಿಗೆ ಲೆಕ್ಕ, ಬಿಡಿ ಲೆಕ್ಕದ ಗೊಂದಲ ಅಂತೂ ಚಿನ್ನದಂಥ ವಿವರ. ಗೋದಾಮಿನಲ್ಲಿ ನಿಂತವರಿಗೆ ಮಾತ್ರ ಗೊತ್ತಿರುವ ಸಂಗತಿ.

ಆದರೆ ಇನ್ನೂ ಒಂದು ತೀರ್ಮಾನ ಬಾಕಿ ಇದೆ. ಓದುವವರು ಗೋದಾಮಿನ ಮೇಲ್ವಿಚಾರಕರಾ, ಮಾಲೀಕರಾ? ಮೇಲ್ವಿಚಾರಕರಿಗೆ ಬೇಕಾದ್ದು "ಮೊದಲು ಎಲ್ಲಿ ಹುಡುಕಲಿ". ಮಾಲೀಕರಿಗೆ ಬೇಕಾದ್ದು "ಈ ವ್ಯತ್ಯಾಸದಿಂದ ನನಗೆ ಎಷ್ಟು ನಷ್ಟ". ಸಮಸ್ಯೆ ಒಂದೇ, ಲೇಖನ ಎರಡು.

ಗೋದಾಮು_ಗೆಳೆಯ:
ನಮ್ಮನ್ನು ಆರಿಸುವುದು ಮಾಲೀಕರು. ಆದರೆ ನಮ್ಮನ್ನು ಬಯ್ಯುವುದು ಮೇಲ್ವಿಚಾರಕರು.

ಸುಮ್ನೆ_ಓದುಗ:
ಬಯ್ಯುವವರಿಗೆ ಬರೆಸಿ. ಅವರು ಸುಮ್ಮನಾದರೆ ಮಾಲೀಕರು ತಾವಾಗಿಯೇ ಬರುತ್ತಾರೆ.

ಲೆಕ್ಕದ_ಪುಸ್ತಕ:
ತಮಾಷೆಯಾಗಿ ಹೇಳಿದರೂ ಸರಿಯಾಗಿದೆ. ವರ್ಷಕ್ಕೊಮ್ಮೆ ಗೋದಾಮು ಮುಚ್ಚಿ ಎಲ್ಲ ಎಣಿಸುವ ಬದಲು ದಿನಕ್ಕೆ ಸ್ವಲ್ಪ ಸ್ವಲ್ಪ ಎಣಿಸುವುದು, ದುಬಾರಿ ಸರಕನ್ನು ಹೆಚ್ಚು ಸಲ, ಅಗ್ಗದ್ದನ್ನು ಕಡಿಮೆ ಸಲ. ಇದನ್ನೂ ಸೇರಿಸಿ, ಆಡಿಟ್‌ನವರಿಗೂ ಖುಷಿ.

ಸಂಪಾದಕನ_ಕತ್ತರಿ:
ನೋಡಿ, ಇಲ್ಲೇ ಶುರುವಾಯಿತು "ಇದನ್ನೂ ಸೇರಿಸಿ" 😀 ಎಣಿಕೆ ಹೇಗೆ ಮಾಡಬೇಕು ಅನ್ನುವುದು ಮುಂದಿನ ಲೇಖನ. ಈಗಿನದು ವ್ಯತ್ಯಾಸ ಎಲ್ಲಿಂದ ಹುಟ್ಟುತ್ತದೆ ಅನ್ನುವುದು ಮಾತ್ರ. ಬ್ರೀಫ್‌ನಲ್ಲಿ "ಇದರಲ್ಲಿ ಬರಬಾರದ್ದು" ಅಂತ ಒಂದು ಭಾಗ ಇಡಿ. ಸ್ಕ್ಯಾನರ್ ಇಲ್ಲ, ತರಬೇತಿ ಇಲ್ಲ, ಎಣಿಕೆ ಪದ್ಧತಿ ಇಲ್ಲ. ನನ್ನ ಕೇಳಿದರೆ ಬ್ರೀಫ್‌ನಲ್ಲಿ ಅತಿ ಮುಖ್ಯವಾದ ಭಾಗ ಅದೇ, ಅದನ್ನೇ ಯಾರೂ ಬರೆಯುವುದಿಲ್ಲ.

ಗೋದಾಮು_ಗೆಳೆಯ:
ನಮ್ಮ ಸಾಫ್ಟ್‌ವೇರ್ ಹೆಸರು ಎಲ್ಲಿ ಬರಬೇಕು?

ಸಂಪಾದಕನ_ಕತ್ತರಿ:
ಪತ್ರಿಕೆಗೆ ಕಳಿಸುವುದಾದರೆ ಲೇಖಕರ ಪರಿಚಯದ ಸಾಲಿನಲ್ಲಿ. ಒಳಗೆ ತುರುಕಿದರೆ "ಜಾಹೀರಾತು ವಿಭಾಗದವರನ್ನು ಸಂಪರ್ಕಿಸಿ" ಅಂತ ಉತ್ತರ ಬರುತ್ತದೆ. ನಿಮ್ಮದೇ ಸೈಟಿಗಾದರೆ ಕೊನೆಯಲ್ಲಿ ಒಮ್ಮೆ ಹೇಳಿ. ಎಲ್ಲಿ ಪ್ರಕಟಿಸುತ್ತೀರಿ ಅನ್ನುವುದನ್ನೂ ಬರೆಸುವ ಮುಂಚೆಯೇ ತೀರ್ಮಾನಿಸಿ. ಬಹಳ ಪತ್ರಿಕೆಗಳು ಬೇರೆ ಕಡೆ ಬಂದದ್ದನ್ನು ಮತ್ತೆ ಹಾಕುವುದಿಲ್ಲ.

ನಟ್ಟು_ಬೋಲ್ಟು:
ಒಬ್ಬ ಗಿರಾಕಿಯ ಕಥೆಯನ್ನೇ ಕೇಸ್ ಸ್ಟಡಿ ಮಾಡಿದರೆ ಹೇಗೆ? ಜನ ಕಥೆ ಓದುತ್ತಾರೆ.

ಅಲ್ಪವಿರಾಮ:
ಮಾಡಬಹುದು, ಆದರೆ ಮೊದಲು ಆ ಗಿರಾಕಿಯ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ. "ನಮ್ಮ ಗೋದಾಮಿನಲ್ಲಿ ಲೆಕ್ಕ ತಪ್ಪಿತ್ತು" ಅಂತ ಊರಿಗೆಲ್ಲ ಗೊತ್ತಾಗುವುದು ಯಾರಿಗೆ ಇಷ್ಟ? ಪೂರ್ತಿ ಬರೆದಾದ ಮೇಲೆ ಅವರ ವಕೀಲರು ಬೇಡ ಅಂದರೆ ವಿಷಯವೇ ಕೈಬಿಟ್ಟು ಹೋಗುತ್ತದೆ. ಹೆಸರಿಲ್ಲದ ಕೇಸ್ ಸ್ಟಡಿಗೆ ಅಷ್ಟು ತೂಕವೂ ಇರುವುದಿಲ್ಲ.

ಹೊಸಬ_ಹರಟೆ:
ಎಷ್ಟು ಪದ ಇರಬೇಕು? 2000ಕ್ಕಿಂತ ಕಡಿಮೆ ಇದ್ದರೆ ಗೂಗಲ್ ತೋರಿಸುವುದಿಲ್ಲ ಅಂತಾರೆ.

ಹುಡುಕಾಟ404:
ತಪ್ಪು. ಇಷ್ಟೇ ಪದ ಬೇಕು ಅಂತ ತಮಗೆ ಯಾವ ಲೆಕ್ಕವೂ ಇಲ್ಲ ಅಂತ ಗೂಗಲ್ ತನ್ನ ಸಹಾಯ ಪುಟದಲ್ಲೇ ಬರೆದಿದೆ. ಉತ್ತರ ಮುಗಿದ ಕಡೆ ನಿಲ್ಲಿಸಿ.

ಕರಡು_ಪ್ರತಿ:
ಪದಕ್ಕೆ ಇಷ್ಟು ಅಂತ ದುಡ್ಡು ಕೊಟ್ಟರೆ ಯಾರೂ ನಿಲ್ಲಿಸುವುದಿಲ್ಲ, ನನ್ನನ್ನೂ ಸೇರಿಸಿ. ಲೇಖನಕ್ಕೆ ಇಷ್ಟು ಅಂತ ಮಾತಾಡಿ. ಎಷ್ಟು ಸಲ ತಿದ್ದಿಕೊಡಬೇಕು ಅಂತ ಬರೆದುಕೊಳ್ಳಿ. ತಿದ್ದುವುದು ಅಂದರೆ ಅದೇ ವಿಷಯದೊಳಗೆ. ವಿಷಯವೇ ಬದಲಾದರೆ ಅದು ಹೊಸ ಕೆಲಸ, ಹೊಸ ದುಡ್ಡು. ಬೇಡ ಅಂತ ಮಧ್ಯದಲ್ಲಿ ನಿಲ್ಲಿಸಿದರೆ ಕೊಡಬೇಕಾದ ದುಡ್ಡು, ಅಂದರೆ ಕಿಲ್ ಫೀ, ಎಷ್ಟು ಅನ್ನುವುದೂ ಮೊದಲೇ ಇರಲಿ. ಇದೆಲ್ಲ ಬರಹಗಾರರ ಸ್ವಾರ್ಥ ಅಂತ ಬಯ್ಯಬೇಡಿ, ವಿಷಯ ಸ್ಪಷ್ಟ ಇದ್ದವರಿಗೆ ಇದರಿಂದ ಒಂದು ಕಾಸೂ ಹೆಚ್ಚು ಖರ್ಚಾಗುವುದಿಲ್ಲ.

ಲೆಕ್ಕದ_ಪುಸ್ತಕ:
ಪದ ಲೆಕ್ಕದಲ್ಲಿ ಕೊಡುವುದರಲ್ಲಿ ತಪ್ಪೇನು? ಬಜೆಟ್ ಹಾಕುವುದಕ್ಕೆ ಸುಲಭ.

ಅಲ್ಪವಿರಾಮ:
ಇದಕ್ಕೆ ಬೇರೆಯೇ ಚರ್ಚೆ ತೆರೆಯಿರಿ ಸರ್, ಇಲ್ಲಿ ಶುರುವಾದರೆ ಹನುಮಂತನ ಬಾಲ.

ಗೋದಾಮು_ಗೆಳೆಯ:
ಬ್ರೀಫ್ ಬರೆದೆ. ನೋಡಿ ಹೇಳಿ.

ಓದುವವರು: ಗೋದಾಮಿನ ಮೇಲ್ವಿಚಾರಕರು. ಕೆಲಸ ಚೆನ್ನಾಗಿ ಗೊತ್ತು, ಸಾಫ್ಟ್‌ವೇರ್ ಮೇಲೆ ನಂಬಿಕೆ ಕಡಿಮೆ.
ಹೇಳಬೇಕಾದ್ದು: ಕಪಾಟಿನ ಲೆಕ್ಕಕ್ಕೂ ಕಂಪ್ಯೂಟರ್ ಲೆಕ್ಕಕ್ಕೂ ವ್ಯತ್ಯಾಸ ಬಂದರೆ ಕಳ್ಳತನವನ್ನೋ ಸಾಫ್ಟ್‌ವೇರನ್ನೋ ಅನುಮಾನಿಸುವ ಮೊದಲು ವಾಪಸ್ ಬಂದ ಸರಕು, ಪೆಟ್ಟಿಗೆ-ಬಿಡಿ ಗೊಂದಲ, ಒಡೆದ ಸರಕು, ಈ ಮೂರು ಕಡೆ ನೋಡಬೇಕು ಮತ್ತು ಇಂಥ ವ್ಯತ್ಯಾಸ ಮತ್ತೆ ಬಾರದಂತೆ ತಡೆಯುವ ವ್ಯವಸ್ಥೆ ಮಾಡಿಕೊಳ್ಳಬೇಕು.
ಬರಬಾರದ್ದು: ಸ್ಕ್ಯಾನರ್, ತರಬೇತಿ, ಎಣಿಕೆ ಪದ್ಧತಿ, ನಮ್ಮ ಇತಿಹಾಸ.
ಸಾಮಗ್ರಿ: ಸಪೋರ್ಟ್ ಟೀಮಿನ ಇಬ್ಬರ ಜೊತೆ ಮಾತಾಡಿಸುತ್ತೇವೆ. ಗಿರಾಕಿಗಳ ಹೆಸರು ಬಳಸುವಂತಿಲ್ಲ.
ಒಪ್ಪಿಗೆ ಕೊಡುವವರು: ನಾನೊಬ್ಬನೇ.

ಸಂಪಾದಕನ_ಕತ್ತರಿ:
"ಮತ್ತು" ಅಂತ ಇದೆಯಲ್ಲ, ಅಲ್ಲಿಗೆ ಕತ್ತರಿ ಹಾಕಿ. ಮತ್ತೆ ಬಾರದಂತೆ ತಡೆಯುವುದು ಅಂದರೆ ತರಬೇತಿ ಮತ್ತು ಎಣಿಕೆ. ಮೂರನೇ ಸಾಲಿನಲ್ಲಿ ಹೊರಗೆ ಹಾಕಿದ್ದನ್ನು ಎರಡನೇ ಸಾಲಿನಲ್ಲಿ ಹಿಂಬಾಗಿಲಿನಿಂದ ಒಳಗೆ ಬಿಟ್ಟಿದ್ದೀರಿ. ಉಳಿದದ್ದು ಚೆನ್ನಾಗಿದೆ. ಕಳ್ಳತನದ ಮಾತು ಇರಲಿ, ಓದುವವರ ಮನಸ್ಸಿನಲ್ಲಿ ಮೊದಲು ಬರುವುದೇ ಅದು. "ಇಲ್ಲ, ನಮ್ಮಲ್ಲಿ ಕಳ್ಳತನವೇ" ಅನ್ನುವವರೂ ಇರುತ್ತಾರೆ, ಅವರಿಗೆ ಉತ್ತರ ಕೊಡಬೇಕಾಗುತ್ತದೆ.

ಮಾರ್ಕೆಟಿಂಗ್_ಮೇಷ್ಟ್ರು:
ಶೀರ್ಷಿಕೆ ಏನು ಇಡುತ್ತೀರಿ?

ಕರಡು_ಪ್ರತಿ:
ಮೇಷ್ಟ್ರೇ, ಶೀರ್ಷಿಕೆ ಕೊನೆಗೆ. ಈಗಲೇ ಕಟ್ಟಿಹಾಕಿದರೆ ಲೇಖನ ಅದರ ಹಿಂದೆ ಓಡುತ್ತದೆ.

ಮಾರ್ಕೆಟಿಂಗ್_ಮೇಷ್ಟ್ರು:
ನಾನು ಒಪ್ಪುವುದಿಲ್ಲ. ತಾತ್ಕಾಲಿಕವಾಗಿಯಾದರೂ ಒಂದು ಶೀರ್ಷಿಕೆ ಇದ್ದರೆ ದಾರಿ ತಪ್ಪುವುದಿಲ್ಲ.

ನಟ್ಟು_ಬೋಲ್ಟು:
ಅದಿರಲಿ, ಲೇಖಕರು ಅಂತ ಯಾರ ಹೆಸರು ಹಾಕುತ್ತೀರಿ? ಮಾಲೀಕರ ಹೆಸರು ಹಾಕಿದರೆ ಪೆಟ್ಟಿಗೆ-ಬಿಡಿ ಗೊಂದಲ ಇವರಿಗೆ ಹೇಗೆ ಗೊತ್ತು ಅಂತ ಮೇಲ್ವಿಚಾರಕರು ನಗುತ್ತಾರೆ.

ಗೋದಾಮು_ಗೆಳೆಯ:
ಸಪೋರ್ಟ್ ಟೀಮಿನ ಮುಖ್ಯಸ್ಥರ ಹೆಸರು ಹಾಕೋಣ ಅಂತ ಇದ್ದೇನೆ. ಮೊದಲು ಗೋದಾಮಿನಲ್ಲೇ ಕೆಲಸ ಮಾಡಿದವರು.

ಅಲ್ಪವಿರಾಮ:
ಒಳ್ಳೆಯ ಆಯ್ಕೆ. ಅವರನ್ನು ಕೇಳಿದಿರಾ?

ಗೋದಾಮು_ಗೆಳೆಯ:
ಇನ್ನೂ ಇಲ್ಲ. ನಾಳೆ ಕೇಳುತ್ತೇನೆ.

ಸುಮ್ನೆ_ಓದುಗ:
ಕೇಳುವಾಗ "ಮತ್ತು" ತೆಗೆದ ಬ್ರೀಫ್ ತೋರಿಸಿ. ಇಲ್ಲದಿದ್ದರೆ ತರಬೇತಿ ಕೊಡುವುದೂ ಅವರ ತಲೆಗೇ ಬೀಳುತ್ತದೆ.